ಅರ್ಥ್ ಇಲ್ಲದ ಸದ್ದು

ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಬಿಚ್ಚಿದ ಗೆಜ್ಜೆಯನ್ನು ಮಳೆ ಹಿಡಿಯುವ ಹೊತ್ತಿಗೆ ಮಂಗಳೂರಿನ ಕಾರುಗಳ ಸ್ಪೀಕರುಗಳು ಕಟ್ಟಿಕೊಳ್ಳುತ್ತವೆ. ಎಡ ಬಾಗಿಲಿನಿಂದ ಕರಕರ, ಬಲ ಬಾಗಿಲಿನಿಂದ ಗೊರಗೊರ, ಗುಂಡಿಗೆ ಇಳಿದರೆ ಪೂರ್ತಿ ಮೌನ, ಗುಂಡಿ ಹತ್ತಿದರೆ ಮತ್ತೆ ಭಾಗವತಿಕೆ. ನಂತೂರಿನಿಂದ ಪಂಪ್‌ವೆಲ್‌ಗೆ ಬರುವಷ್ಟರಲ್ಲಿ ಪದ್ಯದಲ್ಲಿ ಅರ್ಧ ಮಾತ್ರ ಕೇಳಿಸಿದರೂ ಗುಂಡಿಯ ಮೇಲೆ ಯಾರಿಗೂ ಸಂಶಯವಿಲ್ಲ. ಸಂಶಯವೆಲ್ಲ ಹಾಡು ಹಾಕುವ ಸ್ಟೀರಿಯೋ ಸೆಟ್ಟಿನ ಮೇಲೆ.

"ಎಂತ ಮಾರಾಯಾ, ಸೌಂಡೇ ಬರುದಿಲ್ಲ."

"ಸೆಟ್ ಹೋಗಿದೆ ಸರ್. ಆಂಡ್ರಾಯ್ಡ್ ಹಾಕುವ, ಹತ್ತು ಇಂಚಿಂದು."

ಈ ಎರಡು ಮಾತಿನ ನಡುವೆ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಹೊರಬರುವಷ್ಟು ಜಾಗ ಇಲ್ಲ. ಹತ್ತು ಇಂಚು ಬಂದು ಕೂತಿತು, ಕರಕರ ಹೋಗಲಿಲ್ಲ. ಹಾಗಾದರೆ ಸ್ಪೀಕರಿಗೆ ಪವರ್ ಸಾಲದು, ಆಂಪ್ಲಿಫೈಯರ್ ಹಾಕುವ. ಆಂಪ್ ಬಂತು, ಕರಕರದ ಜೊತೆಗೆ ಈಗ ಎಂಜಿನ್ ಏರಿದಂತೆ ಏರುವ ಒಂದು 'ಕುಂಯ್' ಕೂಡ ಬಂತು. ಅದಕ್ಕೆ ನಾಯ್ಸ್ ಫಿಲ್ಟರ್. ಫಿಲ್ಟರಿಗೆ ಜೊತೆ ಇರಲಿ ಎಂದು ಡಿಕ್ಕಿಯಲ್ಲಿ ಗುಂಕಾರ ಹೆಚ್ಚಿಸುವ ಬಾಸ್ ಟ್ಯೂಬ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಗಾದೆ ಹಳತಾಯಿತು. ಈಗ ಎಮ್ಮೆಯನ್ನು ಕಂತಿನಲ್ಲಿ ಕೊಂಡು ತಂದು ಬರೆ ಹಾಕುತ್ತೇವೆ.

ಕಾಯಿಲೆ ಎಲ್ಲಿದೆ ಎಂದು ನೋಡಲು ಖರ್ಚು ಏನೂ ಇಲ್ಲ ಎಂಬುದೇ ಇಲ್ಲಿ ದೊಡ್ಡ ತೊಡಕು. ಸೆಟ್ಟಿನಲ್ಲಿ ಎಡ ಬಲಕ್ಕೆ ಸರಿಸುವ ಬ್ಯಾಲೆನ್ಸ್, ಮುಂದೆ ಹಿಂದೆ ಸರಿಸುವ ಫೇಡರ್ ಎಂಬ ಎರಡು ಆಯ್ಕೆ ಇರುತ್ತದೆ. ಸದ್ದನ್ನು ಒಂದೊಂದೇ ಮೂಲೆಗೆ ತಳ್ಳಿ ಕೇಳಿದರೆ ನಾಲ್ಕರಲ್ಲಿ ಯಾವ ಸ್ಪೀಕರ್ ಅಳುತ್ತಿದೆ ಎಂದು ಎರಡು ನಿಮಿಷಕ್ಕೆ ತಿಳಿಯುತ್ತದೆ. (ಹಿಂದಿನ ಸೀಟಿನ ಮಕ್ಕಳು ಫೇಡರನ್ನು ತುದಿಗೆ ಎಳೆದಿಟ್ಟದ್ದಕ್ಕೇ ಮುಂದಿನ ಎರಡು ಸ್ಪೀಕರ್ ಬದಲಾಗಿ ಬಿಲ್ ಆದದ್ದೂ ಉಂಟು.) ಪೆನ್‌ಡ್ರೈವಿನಲ್ಲಿ ಸರಿ ಇದ್ದು 100.3ರ ಆಕಾಶವಾಣಿಯಲ್ಲಿ ಮಾತ್ರ ಚರಚರ ಅಂದರೆ ಸ್ಪೀಕರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಂಟೆನಾದ ಬುಡ ಸಡಿಲವಾಗಿರಬೇಕು, ಇಲ್ಲವೇ ನೂರು ರೂಪಾಯಿಯ ಮೊಬೈಲ್ ಚಾರ್ಜರ್ ಗಲಾಟೆ ಮಾಡುತ್ತಿರಬೇಕು. ಚಾರ್ಜರ್ ಕಿತ್ತು ನೋಡಿ, ಅಷ್ಟೆ.

ಒಂದೇ ಮೂಲೆ ಹಾಳೆಂದು ಗೊತ್ತಾದ ಮೇಲೆ ತಪ್ಪು ಸ್ಪೀಕರಿನದೋ, ವೈರಿನದೋ, ಸೆಟ್ಟಿನದೋ ಎಂಬ ಪಂಚಾಯತಿಕೆ. ಹೊರಗಿನಿಂದ ತಂದು ಹಾಕುವ ಸೆಟ್ಟಿನ ಹಿಂದೆ ಬಣ್ಣದ ಒಪ್ಪಂದ ಇದೆ: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೀರು ಇರುವುದು ಮೈನಸ್. ಬಿಳಿ ಜೋಡಿಯನ್ನೂ ಬೂದು ಜೋಡಿಯನ್ನೂ ಅದಲು ಬದಲು ಮಾಡಿ. ಕರಕರ ಎಡದಿಂದ ಬಲಕ್ಕೆ ಹಾರಿದರೆ ಸೆಟ್ಟೇ ಕಳ್ಳ. ಇದ್ದಲ್ಲೇ ಉಳಿದರೆ ಕಳ್ಳ ಬಾಗಿಲಿನ ಕಡೆ ಇದ್ದಾನೆ. ಅಲ್ಲಿ ಸ್ಪೀಕರಿನ ವೈರ್ ಬಿಡಿಸಿ ಗಡಿಯಾರದ 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಪ್ಲಸ್ ವೈರ್ ಇದ್ದ ಕಡ್ಡಿಗೂ ಮೈನಸ್ಸನ್ನು ಇನ್ನೊಂದು ಕಡ್ಡಿಗೂ ಕ್ಷಣ ಮುಟ್ಟಿಸಿದರೆ 'ಟಪ್' ಅನ್ನಬೇಕು, ಬಟ್ಟಲಿನಂಥ ಕೋನ್ ಹೊರಗೆ ನೆಗೆಯಬೇಕು. ಒಳಗೆ ಎಳೆದುಕೊಂಡರೆ ಪ್ಲಸ್ ಮೈನಸ್ ತಿರುಗಿದೆ. ಒಂದು ಬಾಗಿಲಿನದು ಮಾತ್ರ ಹಾಗೆ ತಿರುಗಿದ್ದರೆ ಎರಡು ಸ್ಪೀಕರುಗಳು ಒಂದನ್ನೊಂದು ತಿಂದುಹಾಕಿ ಮದ್ದಳೆಯ ಗುಂಕಾರ ಮಾಯವಾಗಿ ಚಕ್ರತಾಳ ಮಾತ್ರ ಉಳಿಯುತ್ತದೆ. ಆ ಹೊತ್ತಿಗೇ ಬಾಸ್ ಟ್ಯೂಬ್ ಮಾರಾಟವಾಗುವುದು. ಸೆಲ್ ಮುಟ್ಟಿಸಿದರೂ ಮೌನವೇ ಆದರೆ ಮೀಟರ್ ಇಡಿ. 4 ಓಮ್‌ನ ಸ್ಪೀಕರ್ ಮೂರಕ್ಕಿಂತ ಸ್ವಲ್ಪ ಮೇಲೆ ತೋರಿಸಿದರೆ ಆರೋಗ್ಯ. ಏನೂ ತೋರಿಸದಿದ್ದರೆ ಕೋನಿನ ಹಿಂದಿನ ತಂತಿಸುರುಳಿ, ಅಂದರೆ ಕಾಯಿಲ್, ತುಂಡು.

ಸ್ಪೀಕರ್ ಆರೋಗ್ಯವಾಗಿದ್ದೂ ಬಾಗಿಲು ತೆರೆದಾಗ ಸದ್ದು ಹೋಗಿ ಹಾಕಿದಾಗ ಬಂದರೆ, ಬಾಗಿಲಿಗೂ ಕಂಬಕ್ಕೂ ನಡುವೆ ಇರುವ ರಬ್ಬರ್ ಸೊಂಡಿಲನ್ನು ಸರಿಸಿ ನೋಡಿ. ದಿನಕ್ಕೆ ಹತ್ತು ಸಲ ಮಡಚಿ ಮಡಚಿ ತಂತಿ ಅಲ್ಲೇ ಒಳಗಿಂದ ಮುರಿದಿರುತ್ತದೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ಸುಖವಾಗಿರುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದರೆ ಮುಗಿಯಿತು. ನಡೆಯುವುದು ಮಾತ್ರ ಬೇರೆ. ಹಲ್ಲಿನಲ್ಲಿ ಕಚ್ಚಿ ಸುಲಿದು, ಎರಡು ತಂತಿ ಹೊಸೆದು, ಕರಿ ಟೇಪ್ ಸುತ್ತುತ್ತಾರೆ. ಏಪ್ರಿಲ್ ಸೆಕೆಗೆ ಟೇಪಿನ ಅಂಟು ಹಲಸಿನ ಮೇಣದ ಹಾಗೆ ಇಳಿಯುತ್ತದೆ, ಜೂನಿನಲ್ಲಿ ಬಿಚ್ಚಿದ ತಾಮ್ರ ಉಪ್ಪುಗಾಳಿಗೆ ಹಸಿರಾಗುತ್ತದೆ. ಹಸಿರಾದ ತಾಮ್ರವೇ ಆ ಕರಕರ.

ಬಾಗಿಲಿನ ಒಳಗೆ ನೀರು ಹೋಗಬಾರದು ಎಂದು ತಿಳಿದವರೇ ಹೆಚ್ಚು. ಹೋಗುತ್ತದೆ, ಹೋಗಲೆಂದೇ ಕಂಪನಿಯವರು ಬಾಗಿಲು ಮಾಡಿದ್ದಾರೆ. ಗಾಜಿನ ಮೇಲಿಂದ ಇಳಿದ ಮಳೆ ಬೀಡಿಂಗಿನ ಸಂದಿಯಲ್ಲಿ ಒಳಗೆ ಹೋಗಿ, ತಗಡಿನ ಹಿಂಬದಿಯಲ್ಲಿ ಜಾರಿ, ಬಾಗಿಲಿನ ತಳದ ಅಂಚಿನಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಬೀಳಬೇಕು. ಆ ನೀರು ಸ್ಪೀಕರಿನ ಬೆನ್ನಿಗೂ ಸೀಟಿಗೂ ಹಾರದಂತೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ. ಹೊಸ ಸ್ಪೀಕರ್ ಕೂರಿಸುವಾಗ ಮೊದಲು ಆ ಹಾಳೆ ಹರಿಯುತ್ತದೆ. ಆಮೇಲೆ ಬಾಗಿಲು ನಡುಗಬಾರದು ಎಂದು ಡ್ಯಾಂಪಿಂಗ್ ಶೀಟ್ ಹಚ್ಚುತ್ತಾರೆ, ಚದರಡಿ ಲೆಕ್ಕದಲ್ಲಿ. ಲೆಕ್ಕ ಚದರಡಿಯದ್ದಾದ್ದರಿಂದ ತಳದವರೆಗೂ ಹಚ್ಚುತ್ತಾರೆ, ತೂತುಗಳ ಮೇಲೂ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಹೀಗೆ ಪ್ರತಿ ಬಾಗಿಲಿಗೂ ಒಂದೊಂದು ಕೆರೆ ಮಂಜೂರಾಗುತ್ತದೆ. ಕಾಗದದ ಕೋನ್ ಹಪ್ಪಳದ ಹಾಗೆ ಊದಿ ಓರೆಯಾಗುತ್ತದೆ, ಕಾಯಿಲ್ ಆಯಸ್ಕಾಂತಕ್ಕೆ ಉಜ್ಜುತ್ತದೆ. ಎರಡು ಹೆಬ್ಬೆರಳಿನಿಂದ ಕೋನನ್ನು ಮೆಲ್ಲ ಒತ್ತಿದರೆ ತೆಂಗಿನಕಾಯಿ ತುರಿದ ಸದ್ದು ಬರುವುದು ಅದಕ್ಕೇ.

ನಮಗಿದು ಹೊಸತಲ್ಲ ಬಿಡಿ. ಮಳೆ ಬಂದರೆ ನೀರು ನಿಲ್ಲುವ ನಮ್ಮ ಕೊಟ್ಟಾರ ಚೌಕಿಯೂ ಇಂಥದೇ ಬಾಗಿಲು. ನೀರು ಬರುವ ದಾರಿ ಗೊತ್ತು, ಹೋಗುವ ತೋಡು ಗೊತ್ತು. ತೋಡಿನ ಬಾಯಿಯ ಮೇಲೆ ಏನಾದರೂ ಚಂದದ್ದು ಹಾಕದಿದ್ದರೆ ಮಾತ್ರ ಜೀವಕ್ಕೆ ಸಮಾಧಾನವಿಲ್ಲ. ಹತ್ತಿರ ಹತ್ತಿರ ಹತ್ತು ವರ್ಷ ಕಾಯಿಸಿ 2020ರ ಜನವರಿ ಕೊನೆಗೆ ತೆರೆದ ಪಂಪ್‌ವೆಲ್ ಮೇಲ್ಸೇತುವೆಯ ಮೇಲೆ ಕಾರುಗಳು ಹಾರಿದವು, ಕೆಳಗೆ ಮಳೆನೀರು ನಿಂತಿತು. ಹತ್ತು ಇಂಚಿನ ಪರದೆ ಮೇಲೆ, ಕರಕರ ಕೆಳಗೆ.

ಇನ್ನು ಆ 'ಕುಂಯ್'. ಆಕ್ಸಿಲರೇಟರ್ ಒತ್ತಿದಂತೆ ಸ್ವರ ಏರಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಹಾಡು, ಅದನ್ನು ಸ್ಪೀಕರಿನವರೆಗೆ ಕೈ ಹಿಡಿದು ಕರೆತರುವುದು ಹೆಚ್ಚಾಗಿ ಕೆಟ್ಟ ಅರ್ಥ್, ಅಂದರೆ ಮೈನಸ್ಸನ್ನು ಕಾರಿನ ತಗಡಿಗೆ ಸೇರಿಸುವ ಜೋಡಣೆ. ಆಂಪ್‌ನ ಕರಿ ವೈರನ್ನು ಕೈಗೆ ಸಿಕ್ಕಿದ ಸೀಟ್ ಬೋಲ್ಟಿಗೆ, ಪೇಂಟಿನ ಮೇಲೆಯೇ ಬಿಗಿದಿರುತ್ತಾರೆ. ಪೇಂಟಿನ ಮೂಲಕ ಕರೆಂಟ್ ಹೋಗುವುದಿಲ್ಲ ಎಂಬುದು ಐಟಿಐ ಮೊದಲ ವರ್ಷದ ಪಾಠ. ಅರ್ಥ್ ವೈರ್ 45 ಸೆಂಟಿಮೀಟರಿಗಿಂತ ಉದ್ದ ಬೇಡ, ದಪ್ಪದಲ್ಲಿ ಪ್ಲಸ್ ವೈರಿಗಿಂತ ಸಣ್ಣದಿರಬಾರದು. ಬೋಲ್ಟಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಪೇಂಟನ್ನು ಸ್ಯಾಂಡ್ ಪೇಪರಿನಲ್ಲಿ ತಗಡು ಹೊಳೆಯುವಷ್ಟು ಉಜ್ಜಿ, ವೈರಿನ ತುದಿಯ ಲಗ್ ಒತ್ತಿ ಬಿಗಿದು, ಮೇಲಿಂದ ಗ್ರೀಸ್ ಸವರಿ. ಗ್ರೀಸ್ ಮರೆತರೆ ಈ ಉಪ್ಪುಗಾಳಿಗೆ ಮುಂದಿನ ಮಳೆಗೆ ತುಕ್ಕು ಗ್ಯಾರಂಟಿ. ಎಂಜಿನ್ ಓಡುತ್ತಾ ಹಾಡು ಜೋರಾಗಿರುವಾಗ ಬ್ಯಾಟರಿಯ ಮೈನಸ್‌ಗೂ ಆಂಪ್‌ನ ಅರ್ಥ್ ತಿರುಪಿಗೂ ಮೀಟರ್ ಹಿಡಿದರೆ 0.1 ವೋಲ್ಟ್ ದಾಟಬಾರದು. ಬ್ಯಾಟರಿಯಿಂದ ಬರುವ ದಪ್ಪ ವೈರ್ ಕಾರಿನ ಒಂದು ಮಗ್ಗುಲಲ್ಲಿ, ಸೆಟ್ಟಿನಿಂದ ಆಂಪ್‌ಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್ ಇನ್ನೊಂದು ಮಗ್ಗುಲಲ್ಲಿ ಹೋಗಬೇಕು. ಎರಡನ್ನೂ ಮಲ್ಲಿಗೆ ಅಟ್ಟೆಯ ಹಾಗೆ ಒಟ್ಟಿಗೆ ಕಟ್ಟಿ ಮ್ಯಾಟಿನ ಅಡಿಗೆ ತುರುಕಿದರೆ ನೋಡಲಿಕ್ಕೆ ಚಂದ, ಕೇಳಲಿಕ್ಕೆ ಕುಂಯ್.

ಈ ಉಜ್ಜುವ ಕೆಲಸಕ್ಕೆ ಹತ್ತು ನಿಮಿಷ, ಒಂದು ತುಂಡು ಸ್ಯಾಂಡ್ ಪೇಪರ್. ಹಾಗಾಗಿಯೇ ಯಾರೂ ಮಾಡುವುದಿಲ್ಲ. ಹತ್ತು ನಿಮಿಷಕ್ಕೆ ಎಷ್ಟೆಂದು ಬಿಲ್ ಬರೆಯುವುದು? ಕೊಡುವವರಿಗೂ ಅಷ್ಟೇ, ಪೇಂಟ್ ಉಜ್ಜಿದ್ದನ್ನು ಮದುವೆ ಮನೆಯಲ್ಲಿ ಭಾವನಿಗೆ ತೋರಿಸಲಿಕ್ಕಾಗುವುದಿಲ್ಲ. ಬಾಸ್ ಟ್ಯೂಬಾದರೆ ಡಿಕ್ಕಿ ತೆರೆದು ತೋರಿಸಬಹುದು. ತೋರಿಸುವಾಗ ಭಾವ ಕೇಳುತ್ತಾನೆ, "ಇದರಲ್ಲಿ ಗೇನ್ ಅಂದ್ರೆ ಎಂತ?" ಸೌಂಡ್ ಎಂದು ಉತ್ತರ ಕೊಟ್ಟು ತಿರುಪನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಗೇನ್ ಸೌಂಡಲ್ಲ, ಸೆಟ್ಟು ಕಳಿಸುವುದಕ್ಕೂ ಆಂಪ್ ತೆಗೆದುಕೊಳ್ಳುವುದಕ್ಕೂ ಹೊಂದಾಣಿಕೆ ಮಾಡುವ ತಿರುಪು. ಸೆಟ್ಟಿನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಗೇನ್ ಮೆಲ್ಲ ಏರಿಸಿ, ಸ್ವರ ಒಡೆದ ಕೂಡಲೇ ಸ್ವಲ್ಪ ಇಳಿಸಿ ಬಿಡಬೇಕು. ಕೊನೆಯವರೆಗೆ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿ ಹೋಗಿ ಕಾಯಿಲ್ ಕಾಯುತ್ತದೆ. ಒಂದು ಸಂಜೆ ಸುಟ್ಟ ವಾಸನೆ, ಆಂಪ್‌ನಲ್ಲಿ ಪ್ರೊಟೆಕ್ಟಿನ ಕೆಂಪು ದೀಪ. ರಾತ್ರಿ 10ರ ಮೇಲೆ ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮೀರಬಾರದು ಎಂಬ 2000ನೇ ಇಸವಿಯ ನಿಯಮ ಈ ಊರಿನಲ್ಲಿ ಪಾಲನೆಯಾಗುವುದು ಹೆಚ್ಚಾಗಿ ಆ ಕೆಂಪು ದೀಪದ ಕೃಪೆಯಿಂದ.

ಇಷ್ಟಾದ ಮೇಲೂ ಕರಕರ ಹೋಗದೆ ಅಂಗಡಿಯ ಎದುರು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಒಳಗೆ ಹೋಗುವ ಮೊದಲು ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ಬಾಗಿಲಿನ ತಳದ ತೂತಿಗೆ ಹಾಕಿ ಮೇಲಕ್ಕೆ ನೂಕಿ. ಮೊದಲು ಕರಿ ಕೆಸರು, ಆಮೇಲೆ ಒಂದು ಕೊಳೆತ ಎಲೆ, ಆಮೇಲೆ ಚೊಂಬು ತುಂಬುವಷ್ಟು ನೀರು ಬಳಬಳ ಸುರಿಯುತ್ತದೆ. ಸುರಿದ ನೀರು ಕಾಂಕ್ರೀಟಿನ ಮೇಲೆ ಚರಂಡಿಯ ಕಡೆ ಹರಿಯುತ್ತದೆ. ಚರಂಡಿಯ ಬಾಯಿಗೆ ಹೊಸ ಇಂಟರ್‌ಲಾಕ್ ಹಾಕಿದ್ದಾರೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ದಾರಿ ಕಾಣದೆ, ತಿರುಗಿ ನಿಮ್ಮ ಚಕ್ರದ ಬುಡಕ್ಕೇ ಬರುತ್ತದೆ.