‘ಬರ್ನ್ ಆಯ್ತು’ ಅಂದ್ರೆ ಆಯ್ತಾ?

ಈಗಷ್ಟೇ ಒಬ್ಬ ಯಜಮಾನರನ್ನ ಗುಬ್ಬಿ ಬಸ್ಸು ಹತ್ತಿಸಿ ಬಂದು ಕೂತೆ. ಡಿವಿಡಿ ಬರ್ನ್ ಮಾಡೋ, ಅಂದರೆ ಫೈಲನ್ನ ಡಿಸ್ಕಿಗೆ ಬರೆದುಕೊಡೋ, ಒಂದು ಅಂಗಡಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ರಾತ್ರಿ ಮಲಗೆದ್ದರೆ ಅರ್ಧ ಆರಿಹೋಗುತ್ತೆ, ಆಮೇಲೆ ಬರೆಯೋದೂ ಇಲ್ಲ. ಅದಕ್ಕೆ ಈಗಲೇ ಬರೀತಿದ್ದೀನಿ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತುಮಕೂರಿನ ಟೌನ್ ಹಾಲ್ ಹತ್ತಿರದ ಒಂದು ಅಂಗಡಿಗೆ ಜೆರಾಕ್ಸ್ ಮಾಡಿಸೋಕೆ ಹೋಗಿದ್ದೆ. ಕೌಂಟರ್ ಮುಂದೆ ಇವರು ನಿಂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಪೆನ್‌ಡ್ರೈವನ್ನ ಕರವಸ್ತ್ರದ ತುದಿಗೆ ಗಂಟು ಹಾಕಿ ತಂದಿದ್ದರು. ಬದುವಿನ ತಕರಾರಂತೆ. ಒಂದು ರಾತ್ರಿ ಇವರ ಅಡಿಕೆ ಮರಗಳನ್ನ ಕಡಿದು ಕೆಡವಿದ್ದಾರೆ. ಪಕ್ಕದ ತೋಟದವರ ಪಂಪ್‌ಹೌಸ್ ಕ್ಯಾಮೆರಾಗೆ ಅದು ಸಿಕ್ಕಿದೆ. ಆ ಮನೆ ಹುಡುಗ ಇಡೀ ರೆಕಾರ್ಡಿಂಗನ್ನ ಒಂದೇ ಫೈಲಾಗಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದಾನೆ. ವಕೀಲರು, ‘ಎರಡು ಡಿವಿಡಿ ಮಾಡಿಸ್ಕೊಂಡು ಬನ್ನಿ’ ಅಂದಿದ್ದಾರೆ.

ನಾನು ಹೋಗೋ ಹೊತ್ತಿಗೆ ಎರಡು ಡಿಸ್ಕ್ ಹಾಳಾಗಿ ಕಸದ ಡಬ್ಬಿ ಸೇರಿತ್ತು. ಎರಡಕ್ಕೂ ದುಡ್ಡು ತಗೊಂಡಾಗಿತ್ತು. ಮೂರನೇದು ಡ್ರೈವ್‌ನಿಂದ ಆಚೆ ಬಂತು. ಅಂಗಡಿ ಹುಡುಗ ಅದನ್ನ ಕವರಿಗೆ ಹಾಕಿ, ‘ತಗೊಳಿ ತಾತ, ಬರ್ನ್ ಆಯ್ತು’ ಅಂದ.

‘ಒಂದ್ಸಲ ಹಾಕಿ ತೋರ್ಸಪ್ಪ.’

‘ನೂರು ಪರ್ಸೆಂಟ್ ಅಂತ ಬಂತಲ್ಲ ತಾತ. ಆಗಿದೆ.’

ಆ ಮಾತಿಗೇ ನನಗೆ ರೇಗಿದ್ದು. ನಾನೂ ಹಿಂದೆ ಡಿಟಿಪಿ, ಅಂದರೆ ಕಂಪ್ಯೂಟರ್ ಟೈಪಿಂಗ್ ಅಂಗಡಿಯಲ್ಲಿ ಇದ್ದವನು. ಎಷ್ಟು ಮದುವೆ, ಎಷ್ಟು ನಾಮಕರಣ, ಎಷ್ಟು ಶಾಲಾ ವಾರ್ಷಿಕೋತ್ಸವ ಡಿಸ್ಕಿಗೆ ಹಾಕಿಕೊಟ್ಟಿದ್ದೀನೋ ಲೆಕ್ಕ ಇಟ್ಟಿಲ್ಲ. ಆ ನೂರು ಪರ್ಸೆಂಟ್ ಅನ್ನೋದು ಬರೆದು ಮುಗಿಯಿತು ಅಂತ ಹೇಳುತ್ತೆ ಅಷ್ಟೆ. ಬರೆದದ್ದು ಓದೋಕೆ ಬರುತ್ತಾ ಅಂತ ಅದು ಹೇಳೋದಿಲ್ಲ. ಓದಿ ನೋಡಿದರೆ ಮಾತ್ರ ಗೊತ್ತಾಗೋದು. ಹಾಕಪ್ಪ ಮರಿ, ನೋಡೋಣ ಅಂದೆ. ಹಾಕಿದ. ಮೊದಲು ಚೆನ್ನಾಗೇ ಓಡಿತು. ಕೊನೆಗೆ ಎಳೆದರೆ ಚಿತ್ರ ನಿಂತುಬಿಟ್ಟಿತು, ಡ್ರೈವ್ ಕಿರ್ ಕಿರ್ ಅಂತ ಒದ್ದಾಡಿತು.

‘ಡಿಸ್ಕೇ ಸರಿ ಇಲ್ಲ ಸಾರ್, ಈಗ ಬರೋದೆಲ್ಲ ಹಿಂಗೇ.’

ಡಿಸ್ಕ್ ಸರಿ ಇಲ್ಲ. ಈ ಮಾತನ್ನ ನಾನು ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ. ಕೆಲವು ಸಲ ನಿಜವೂ ಹೌದು. ಆದರೆ ಆ ಅಂಗಡಿಯಲ್ಲಿ ಏನಾಗಿತ್ತು ಅಂತ ಹೇಳ್ತೀನಿ, ಮನೇಲಿ ಮಾಡಿಕೊಳ್ಳೋರಿಗೂ ಉಪಯೋಗಕ್ಕೆ ಬರುತ್ತೆ.

ಡ್ರೈವ್ ಹೊರಗಿನದು, ತೆಳ್ಳನೆಯ ಯುಎಸ್‌ಬಿ ರೈಟರ್. ಅದನ್ನ ಕಂಪ್ಯೂಟರಿನ ಮುಂದಿನ ಪೋರ್ಟಿಗೆ ಹಾಕಿದ್ದ. ಹಳೇ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ಕರೆಂಟ್ 500 ಮಿಲಿಆಂಪ್, 3.0 ಆದರೆ 900. ಡಿಸ್ಕ್ ತಿರುಗಿಸಿ, ಜೊತೆಗೆ ಲೇಸರ್ ಉರಿಸಿ ಬರೆಯೋ ಹೊತ್ತಿಗೆ ಈ ಡ್ರೈವ್‌ಗಳು ಅದಕ್ಕಿಂತ ಜಾಸ್ತಿ ಎಳೆಯೋದುಂಟು. ಓದೋವಾಗ ಸರಿಯಾಗಿದ್ದು ಬರೆಯೋವಾಗ ಕೈಕೊಟ್ಟರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನ. ಹಿಂದಿನ ಪೋರ್ಟ್ ನೇರ ಮದರ್‌ಬೋರ್ಡಿನ ಮೇಲೇ ಇರುತ್ತೆ, ಅಲ್ಲಿಗೆ ಹಾಕಬೇಕು. ಕಂಪ್ಯೂಟರಿನ ಕಡೆಗೆ ಎರಡು ಯುಎಸ್‌ಬಿ ತುದಿ ಇರೋ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಚುಚ್ಚಬೇಕು. ಒಂದು ಪೋರ್ಟನ್ನ ಹಲವು ಮಾಡೋ, ಸ್ವಂತ ಕರೆಂಟ್ ಇಲ್ಲದ ಹಬ್‌ಗೆ ಹಾಕಲೇಬಾರದು.

ಎರಡನೇದು, ಫೈಲನ್ನ ಪೆನ್‌ಡ್ರೈವ್‌ನಿಂದಲೇ ನೇರ ಬರ್ನ್ ಮಾಡ್ತಿದ್ದ. ಪಕ್ಕದಲ್ಲೇ ಯಾವುದೋ ಡೌನ್‌ಲೋಡ್ ಓಡ್ತಿತ್ತು. ಡಿಸ್ಕಿಗೆ ಡೇಟಾ ಒಂದೇ ಸಮನೆ ಹರಿದು ಬರಬೇಕು. ನಡುವೆ ಬತ್ತಿತೋ, ಹಿಂದಿನ ಕಾಲದಲ್ಲಿ ಆ ಡಿಸ್ಕ್ ಅಲ್ಲಿಗೇ ಮುಗೀತು. 2000ದ ಆಸುಪಾಸಿನಲ್ಲಿ ನಿಂತ ಜಾಗದಿಂದ ಮುಂದುವರಿಸೋ ತಂತ್ರ ಡ್ರೈವ್‌ಗಳಿಗೆ ಬಂತು, ಈಗ ಅಷ್ಟು ಸುಲಭಕ್ಕೆ ಹಾಳಾಗಲ್ಲ. ಹಾಗಂತ ಬೇಕು ಬೇಕಂತ ಎಡವಿಸೋದು ಯಾಕೆ? ಫೈಲನ್ನ ಮೊದಲು ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳಿ, ಬೇರೆ ಕೆಲಸ ಎಲ್ಲ ಮುಚ್ಚಿ, ಆಮೇಲೆ ಬರ್ನ್ ಕೊಡಿ. ಅಷ್ಟೂ ಹೊತ್ತು ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ನೋಡಿಕೊಳ್ಳಿ.

ವೇಗವನ್ನ ಡ್ರೈವ್ ಎಷ್ಟು ಕೊಡುತ್ತೋ ಅಷ್ಟಕ್ಕೂ ಇಟ್ಟಿದ್ದ. ಡಿಸ್ಕ್ ಒಳಗಿನಿಂದ ಹೊರಗೆ ಬರೆದುಕೊಂಡು ಹೋಗುತ್ತೆ. ಅಂಚಿಗೆ ಹೋದಷ್ಟೂ ವೇಗ ಹೆಚ್ಚು, ಅದುರಾಟ ಹೆಚ್ಚು, ತಪ್ಪೂ ಹೆಚ್ಚು. ಅದಕ್ಕೇ ಮೊದಲೆಲ್ಲ ಚೆನ್ನಾಗಿ ಓಡಿ ಕೊನೆಯಲ್ಲಿ ನಿಂತಿದ್ದು. ಅಂಗಡಿಯವರು ಮೊದಲ ಹತ್ತು ಸೆಕೆಂಡ್ ತೋರಿಸಿ ಕಳಿಸಿಬಿಡ್ತಾರೆ. ಮೊದಲ ಹತ್ತು ಸೆಕೆಂಡ್ ಎಂಥ ಕೆಟ್ಟ ಡಿಸ್ಕಿನಲ್ಲೂ ಓಡುತ್ತೆ ಕಣ್ರೀ. ನೋಡಬೇಕಾದ್ದು ಕೊನೆಯನ್ನ.

ಇಷ್ಟಾದ ಮೇಲೆ ಆ ಹುಡುಗ, ‘ಫೈಲೇ ದೊಡ್ಡದು ಸಾರ್, ಕಂಪ್ರೆಸ್ ಮಾಡಿಬಿಡ್ತೀನಿ, ಸಿಡಿಗೇ ಹಿಡಿಯತ್ತೆ’ ಅಂದ. ಆಗ ನಾನು ದನಿ ಎತ್ತಿದ್ದು ನಿಜ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಅದು ಮದುವೆ ವಿಡಿಯೋ ಅಲ್ಲ, ಸಾಕ್ಷಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಎಲೆಕ್ಟ್ರಾನಿಕ್ ದಾಖಲೆಗಳ ಬಗ್ಗೆ ಹೇಳೋ ಕಲಂ 65ಬಿ ಇದ್ದ ಜಾಗದಲ್ಲಿ ಈಗ ಕಲಂ 63. ಅದರ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು ಗುರುತು ಅಂದುಕೊಳ್ಳಿ. ಒಳಗಿನ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆ ಬರುತ್ತೆ. ಕಂಪ್ರೆಸ್ ಮಾಡಿದರೆ ಅದು ಆ ರಾತ್ರಿ ಕ್ಯಾಮೆರಾ ಕಂಡ ಫೈಲೇ ಅಲ್ಲ. ಎದುರು ಪಕ್ಷದವರಿಗೆ ಬೇರೆ ಏನು ಬೇಕು ಹಿಡಿದು ಜಗ್ಗೋಕೆ?

ಹುಡುಗನ ಮೇಲೆ ನನಗೆ ದ್ವೇಷ ಇಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಹೇಳಿಕೊಡದೆ ಕೂರಿಸಿದ ಮಾಲೀಕ ದುಡ್ಡು ಮಾತ್ರ ಮೂರು ಡಿಸ್ಕಿಗೂ ತಗೊಂಡ.

ಯಜಮಾನರನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಎಸ್.ಎಸ್. ಪುರಂಗೆ, ನಮ್ಮ ಮನೆಗೇ ಕರಕೊಂಡು ಬಂದೆ. ನನ್ನ ಹಳೇ ಡೆಸ್ಕ್‌ಟಾಪಿನಲ್ಲಿ ಒಳಗೇ ಕೂರಿಸಿದ ಡ್ರೈವ್ ಇದೆ. ಫೈಲ್ ನೋಡಿದರೆ 4.2 ಜಿಬಿ. ಡಿವಿಡಿ ಮೇಲೆ 4.7 ಜಿಬಿ ಅಂತ ಅಚ್ಚು ಹಾಕಿರ್ತಾರೆ. ಅದು ಸಾವಿರದ ಲೆಕ್ಕ. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತೆ, ಅದರ ಪ್ರಕಾರ ಜಾಗ ಇರೋದು ಸುಮಾರು 4.37. ಅಂದರೆ 4.5 ಜಿಬಿ ಅಂತ ತೋರಿಸೋ ಫೈಲು ಹಿಡಿಯಲ್ಲ, ನಮ್ಮ 4.2 ಹಿಡಿಯುತ್ತೆ. ಆದರೆ ಇನ್ನೊಂದು ತೊಡಕಿದೆ. ಡಿಸ್ಕಿನಲ್ಲಿ ಫೈಲ್ ಜೋಡಿಸೋ ಹಳೇ ಐಎಸ್‌ಒ ಪದ್ಧತಿಯಲ್ಲಿ ಡಿಸ್ಕ್ ಮಾಡಿದರೆ 4 ಜಿಬಿ ಮೀರಿದ ಒಂದೇ ಫೈಲ್ ಸಾಮಾನ್ಯವಾಗಿ ಒಪ್ಪಲ್ಲ. ಯುಡಿಎಫ್ ಅನ್ನೋ ಹೊಸ ಪದ್ಧತಿ ಆರಿಸಿಕೊಳ್ಳಬೇಕು. ಅಂಗಡಿಯಲ್ಲಿ ಮೊದಲನೇ ಡಿಸ್ಕ್ ಹಾಳಾಗಿದ್ದು ಇಲ್ಲೇ ಇರಬೇಕು ಅಂತ ನನ್ನ ಊಹೆ. ಇನ್ನೂ ದೊಡ್ಡ ಫೈಲಾಗಿದ್ದರೆ 8.5 ಜಿಬಿಯ ಎರಡು ಪದರದ ಡಿಸ್ಕ್ ತರಬೇಕಿತ್ತು. ಕಂಪ್ರೆಸ್ ಅಂತೂ ಅಲ್ಲ.

ಖಾಲಿ ಡಿಸ್ಕ್ ಹಾಕಿದ ತಕ್ಷಣ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತಲ್ಲ, ಪೆನ್‌ಡ್ರೈವ್ ಥರ ಬಳಸ್ತೀರೋ, ಸಿಡಿ ಡಿವಿಡಿ ಪ್ಲೇಯರಿಗೋ ಅಂತ? ಹೆಚ್ಚಿನವರು ನೋಡದೆ ಓಕೆ ಒತ್ತಿಬಿಡ್ತಾರೆ. ಮೊದಲನೇದು ಒತ್ತಿದರೆ ಆ ಡಿಸ್ಕ್ ನಿಮ್ಮ ಕಂಪ್ಯೂಟರಿನಲ್ಲಿ ತೆರೆಯುತ್ತೆ, ಇನ್ನೊಬ್ಬರ ಹಳೇ ಯಂತ್ರದಲ್ಲಿ ಖಾಲಿ ಅಂತ ತೋರಿಸಬಹುದು. ಬೇರೆಯವರ ಕೈಗೆ ಕೊಡೋ ಡಿಸ್ಕಿಗೆ ಎರಡನೇದೇ ಆಗಬೇಕು. ಜೊತೆಗೆ ಬರ್ನಿಂಗ್ ಸಾಫ್ಟ್‌ವೇರಿನಲ್ಲಿ ಡಿಸ್ಕ್ ಕ್ಲೋಸ್ ಮಾಡೋ, ಅಂದರೆ ಮತ್ತೇನೂ ಸೇರಿಸದ ಹಾಗೆ ಮುಚ್ಚೋ ಆಯ್ಕೆಗೆ ಟಿಕ್ ಇದೆಯಾ ನೋಡಿಕೊಳ್ಳಬೇಕು.

ನಮ್ಮನೇಲೂ ಮೊದಲ ಪ್ರಯತ್ನ ಕೈಕೊಟ್ಟಿತು. ಪವರ್ ಕ್ಯಾಲಿಬ್ರೇಶನ್ ಎರರ್. ಬರೆಯೋಕೆ ಮುಂಚೆ ಡ್ರೈವ್ ಡಿಸ್ಕಿನ ಒಳಅಂಚಿನಲ್ಲಿ ಚೂರು ಬರೆದು, ಅದರ ಬರೆಯೋ ಬಣ್ಣದ ಪದರಕ್ಕೆ ಲೇಸರ್ ಎಷ್ಟು ಜೋರು ಬೇಕು ಅಂತ ಅಳೆಯುತ್ತೆ. ಅಳತೆ ಸಿಗದಿದ್ದರೆ ಹೀಗೆ ಕೂಗುತ್ತೆ. ಲೆನ್ಸಿಗೆ ಧೂಳು ಹಿಡಿದಿರಬಹುದು, ಲೇಸರ್ ಸವೆದಿರಬಹುದು, ಅಥವಾ ಆ ಡ್ರೈವಿಗೂ ಆ ಡಿಸ್ಕಿಗೂ ಹೊಂದಾಣಿಕೆ ಇಲ್ಲದೆ ಇರಬಹುದು. ಅಟ್ಟದಿಂದ ಬೇರೆ ಕಂಪನಿಯ ಡಿಸ್ಕ್ ಡಬ್ಬ ಇಳಿಸಿ, 16ಎಕ್ಸ್ ವೇಗದ ಡಿಸ್ಕನ್ನ 8ಎಕ್ಸ್ ವೇಗಕ್ಕೆ ಇಳಿಸಿ ಹಾಕಿದೆ. ಬರೆಯೋಕೆ ಎಂಟು ಒಂಬತ್ತು ನಿಮಿಷ. ವೆರಿಫೈ ಅಂತ ಒಂದು ಟಿಕ್ ಇರುತ್ತಲ್ಲ, ಅದು ಬರೆದದ್ದನ್ನ ಪೂರ್ತಿ ಓದಿ ಮೂಲದ ಜೊತೆ ತಾಳೆ ನೋಡುತ್ತೆ, ಅದಕ್ಕೆ ಮತ್ತಷ್ಟು ನಿಮಿಷ. ಆ ಟಿಕ್ಕನ್ನೇ ಎಲ್ಲರೂ ತೆಗೆಯೋದು! ಹತ್ತು ನಿಮಿಷ ಉಳಿಸೋಕೆ ಒಬ್ಬ ಮುದುಕನನ್ನ ಗುಬ್ಬಿಯಿಂದ ಇನ್ನೊಂದು ಸಲ ಓಡಾಡಿಸ್ತಾರೆ.

ಈ ಕಾಲದಲ್ಲಿ ಡಿಸ್ಕ್ ಯಾಕೆ, ಪೆನ್‌ಡ್ರೈವ್ ಇದೆ, ಗೂಗಲ್ ಡ್ರೈವ್ ಲಿಂಕ್ ಕಳಿಸಬಹುದು ಅಂತ ಕೆಲವರು ಕೇಳ್ತೀರಿ, ಗೊತ್ತು. ಆ ಯಜಮಾನರ ಹತ್ತಿರ ಇರೋದು ಬಟನ್ ಫೋನು. ಅವರ ವಕೀಲರು ಕೇಳಿದ್ದು ಡಿವಿಡಿ. ಎಷ್ಟೋ ಕಡೆ ಸ್ಕ್ಯಾನಿಂಗ್ ಮಾಡಿಸಿದರೆ ಕೈಗೆ ಕೊಡೋದು ಇವತ್ತಿಗೂ ಸಿಡಿ. ಒಂದೇ ಸಲ ಬರೆಯೋ ಡಿಸ್ಕನ್ನ ಆಮೇಲೆ ಯಾರೂ ಅಳಿಸಿ ಬೇರೆ ತುಂಬೋಕಾಗಲ್ಲ. ಪೆನ್‌ಡ್ರೈವ್‌ನಲ್ಲಿ ಅದು ಒಂದು ನಿಮಿಷದ ಕೆಲಸ. ಕೇಳೋರು ಇರೋವರೆಗೆ ಮಾಡಿಕೊಡೋರು ನೆಟ್ಟಗೆ ಮಾಡಿಕೊಡಬೇಕು.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಹುಡುಗನಿಗೆ ಬೈದು ಬಂದ ನನಗೆ ಒಂದು ಮಾತು ಹೇಳದೆ ಇರೋಕಾಗ್ತಿಲ್ಲ.

ನಮ್ಮಪ್ಪ ತಿಪಟೂರು ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಭಾಗವತಿಕೆ ಮಾಡ್ತಿದ್ದರು. ಮುಖವೀಣೆ, ಮದ್ದಳೆ ಜೊತೆ ರಾತ್ರಿಯಿಡೀ ಹಾಡಿ ಬೆಳಗಿನ ಜಾವ ಮಂಗಳ ಹೇಳೋರು. ನಮ್ಮ ಚಿಕ್ಕಪ್ಪ ಅದನ್ನ ಕ್ಯಾಸೆಟ್ ಮಾಡಿಟ್ಟಿದ್ದರು. 2008ರಲ್ಲಿ ನಾನೇ ಕೂತು ಅದನ್ನ ಕಂಪ್ಯೂಟರಿಗೆ ಹತ್ತಿಸಿ ಮೂರು ಸಿಡಿ ಮಾಡಿದೆ, ಒಂದೊಂದಕ್ಕೆ ಎಂಬತ್ತು ನಿಮಿಷ. ಮದುವೆ ಸೀಸನ್ನು, ಅಂಗಡಿಯಲ್ಲಿ ಜನ. 52ಎಕ್ಸ್, ಡ್ರೈವಿನ ಪೂರ್ತಿ ವೇಗಕ್ಕೆ ಹಾಕಿದೆ. ವೆರಿಫೈ ಮಾಡಲಿಲ್ಲ. ನೂರು ಪರ್ಸೆಂಟ್ ಅಂತ ಬಂತು. ಹಾರ್ಡ್‌ಡಿಸ್ಕಿನಲ್ಲಿ ಜಾಗ ಬೇಕಾಗಿತ್ತು, ಮೂಲ ಫೈಲ್ ಅಳಿಸಿದೆ. ಕ್ಯಾಸೆಟ್ಟುಗಳು ಮನೆ ಬದಲಿಸೋವಾಗ ಎಲ್ಲೋ ಹೋದವು. ಸಿಡಿ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಅಪ್ಪನ ಹೆಸರು ಬರೆದೆ. ಡಿವಿಡಿಯಲ್ಲಿ ಬರೆದ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತೆ. ಸಿಡಿಯಲ್ಲಿ ಹಾಗಲ್ಲ, ಹೆಸರು ಬರೆಯೋ ಮೇಲ್ಮೈಗೆ ಅಂಟಿಕೊಂಡ ಹಾಗೇ ಇರುತ್ತೆ. ಬಾಲ್‌ಪೆನ್ ಮೊನೆ ಅದನ್ನೇ ಗೀರುತ್ತೆ. ಮೆತ್ತನೆ ತುದಿಯ ಮಾರ್ಕರ್ ಬಳಸಬೇಕು. ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಅಪ್ಪ ಹೋದ ಮೇಲೆ ವರ್ಷದ ಕಾರ್ಯದ ದಿನ ತಂಗಿ ಕೇಳಿದಳು, ‘ಅಣ್ಣಾ, ಅಪ್ಪನ ಮಂಗಳ ಹಾಕು.’ ಮೊದಲಿನಿಂದಲೇ ಹಾಕಿದೆ. ಗಣಪತಿ ಸ್ತುತಿ ಇದ್ದ ಮೊದಲ ಸಿಡಿ ಓಡಿತು, ಎರಡನೇದೂ ಹೆಚ್ಚುಕಮ್ಮಿ ಓಡಿತು. ಮೂರನೇದರಲ್ಲಿ ಅರ್ಧಕ್ಕೆ ದನಿ ತೊದಲೋಕೆ ಶುರುವಾಯಿತು. ಮಂಗಳ ಇದ್ದದ್ದು ಕಟ್ಟಕಡೆಗೆ, ಅಂಚಿನಲ್ಲಿ. ಅಲ್ಲಿಯವರೆಗೆ ಯಂತ್ರ ಹೋಗಲೇ ಇಲ್ಲ. ತಂಗಿ ಏನೂ ಅನ್ನಲಿಲ್ಲ, ಎದ್ದು ಅಡುಗೆಮನೆಗೆ ಹೋದಳು. ಅದಾದ ಮೇಲೆ ಐದು ಡ್ರೈವ್‌ಗಳಲ್ಲಿ ಹಾಕಿ ನೋಡಿದ್ದೀನಿ. ಆ ಸಿಡಿ ಈಗಲೂ ಬೀರುವಿನಲ್ಲಿದೆ.

ಇವತ್ತು ಡಿಸ್ಕ್ ಎರಡೂ ವೆರಿಫೈ ಆದವು. ಡಿಸ್ಕಿನಲ್ಲಿರೋ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಪೆನ್‌ಡ್ರೈವ್‌ನದರ ಜೊತೆ 64 ಅಕ್ಷರವನ್ನೂ ಬೆರಳಿಟ್ಟು ತಾಳೆ ನೋಡಿದೆ, ವಕೀಲರಿಗೆ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಅಷ್ಟು ಹೊತ್ತಿಗೆ ಊಟ ಆಗಿತ್ತು. ಇನ್ನು ಹೊರಡೋಣ ಯಜಮಾನ್ರೇ ಅಂದೆ.

‘ಕೊನೇಗೆ ಹಾಕಿ ಸ್ವಾಮಿ, ಒಂದ್ಸಲ ನೋಡ್ತೀನಿ’ ಅಂದರು.

ಹಾಕಿದೆ. ಎಲ್ಲೂ ನಿಲ್ಲದೆ ಓಡಿತು. ಕಪ್ಪು ಬಿಳುಪು ಚಿತ್ರ, ಟಾರ್ಚ್ ಬೆಳಕು, ಮರಗಳು ಒಂದೊಂದೇ ಪಕ್ಕಕ್ಕೆ ವಾಲಿ ಬೀಳೋದು. ಯಜಮಾನರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಸ್ಕ್ರೀನಿಗೆ ಬೆರಳು ತಾಗಿಸಿ ಎಣಿಸಿದರು. ಹದಿನಾಲ್ಕು. ಮತ್ತೆ ಹಿಂದಕ್ಕೆ ಹಾಕೋಕೆ ಹೇಳಿದರು, ಹದಿನಾಲ್ಕಾ ಹದಿನೈದಾ ಅಂತ ಖಾತ್ರಿ ಮಾಡಿಕೊಳ್ಳೋಕೆ.