ಎಣಿಸುವ ಗಂಟೆ, ಕರೆಯುವ ಹಲಗೆ

ಚಳಿಗಾಲದ ಒಂದು ಬೆಳಿಗ್ಗೆ, ನಾನಿರುವ ಇಂಗ್ಲೆಂಡಿನ ಹಳ್ಳಿಯ ಚರ್ಚಿನಿಂದ ಬಿಟ್ಟು ಬಿಟ್ಟು ಗಂಟೆಯ ಸದ್ದು ಕೇಳಿದಾಗ, ಬೇಲಿಯಾಚೆ ಎಲೆ ಗುಡಿಸುತ್ತಿದ್ದ ಹಿರಿಯಾಕೆ ಪೊರಕೆಯನ್ನು ಗೋಡೆಗೆ ಒರಗಿಸಿ ಬೆರಳು ಮಡಚುತ್ತ ಎಣಿಸಿದರು. ಮೂರರಂತೆ ಮೂರು ಸಲ ಬಡಿದರೆ ಗಂಡಸು, ಎರಡರಂತೆ ಮೂರು ಸಲವಾದರೆ ಹೆಂಗಸು, ಆಮೇಲೆ ತೀರಿಕೊಂಡವರ ವಯಸ್ಸಿನಷ್ಟು ಪೆಟ್ಟು. ಈಗ ಅಪರೂಪವಾಗಿರುವ ಈ ಹಳೆಯ ರೂಢಿಯನ್ನು ಅವರೇ ನನಗೆ ವಿವರಿಸಿದರು. ಯಾರು ಹೋದರೆಂಬುದನ್ನು ಲೆಕ್ಕದಿಂದಲೇ ತಿಳಿದು ನಿಟ್ಟುಸಿರುಬಿಟ್ಟ ಅವರನ್ನು, ಆ ಮನೆಗೆ ಹೋಗುವುದಿಲ್ಲವೇ ಎಂದು ಕೇಳಿದೆ. ಸಂಸ್ಕಾರದ ದಿನ ತಿಳಿಸುತ್ತಾರೆ, ಆಗ ಹೋದರಾಯಿತು ಎಂದರು. ಆ ದಿನ ಬಂದದ್ದು ಎರಡು ವಾರಗಳ ನಂತರ.

ಗಂಟೆಯ ಬಗ್ಗೆ ನನಗೆ ಗೌರವವಿದೆ. 2022ರಲ್ಲಿ ರಾಣಿ ಎರಡನೇ ಎಲಿಜಬೆತ್ ಅವರ ಅಂತ್ಯಸಂಸ್ಕಾರಕ್ಕೆ ಮೊದಲು ವೆಸ್ಟ್‌ಮಿನ್‌ಸ್ಟರ್ ಅಬೆಯ ಗಂಟೆಯನ್ನು ನಿಮಿಷಕ್ಕೊಮ್ಮೆಯಂತೆ 96 ಸಲ ಬಾರಿಸಿದರು. ಹಳ್ಳಿಯ ರೈತನಿಗೂ ಅದೇ ಲೆಕ್ಕ, ವರ್ಷಕ್ಕೊಂದು ಪೆಟ್ಟು. ಆದರೆ ಆ ಗಂಟೆ ಸುದ್ದಿ ಮುಟ್ಟಿಸಿ ಸುಮ್ಮನಾಗುತ್ತದೆ.

ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಸಾವಿನ ಸುದ್ದಿ ಹೇಳುತ್ತಿದ್ದುದು ಹಲಗೆ. ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದ ಚರ್ಮ ಬಿಗಿಯಾಗಿ ಟಣಟಣ ಎನ್ನತೊಡಗಿದ ಮೇಲೆ ಮೊದಲ ಪೆಟ್ಟು ಬೀಳುತ್ತಿತ್ತು. ಅದು ಕಿವಿಗೆ ಬಿದ್ದೊಡನೆ ಅಮ್ಮ ಒಲೆ ಆರಿಸಿ, ಸೆರಗು ಹೊದ್ದು ಹೊರಡುತ್ತಿದ್ದಳು. ವಯಸ್ಸೆಷ್ಟು ಎಂದು ಯಾರೂ ಎಣಿಸುತ್ತಿರಲಿಲ್ಲ. ಅಯ್ನೋರು ಬರುವಷ್ಟರಲ್ಲಿ ಅಂಗಳ ತುಂಬಿರುತ್ತಿತ್ತು, ಹಿರಿಯೂರು, ಚಳ್ಳಕೆರೆಯ ನೆಂಟರಿಗೆ ಆಳು ಹೋಗಿಯಾಗಿರುತ್ತಿತ್ತು, ಸತ್ತವರ ಮನೆಯ ಮಕ್ಕಳಿಗೆ ಪಕ್ಕದ ಮನೆಯಿಂದ ರೊಟ್ಟಿ ಬಂದಿರುತ್ತಿತ್ತು. ದುಃಖದವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡದ ಆ ಪದ್ಧತಿಯೇ ಮೇಲು ಎಂದು ನಾನು ಇಂದಿಗೂ ನಂಬುತ್ತೇನೆ. ಈಗ ಊರಿನಲ್ಲಿ ಮೊಬೈಲಿಗೊಂದು ಫೋಟೊ ಬರುತ್ತದೆ, ವೃತ್ತದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಏಳುತ್ತದೆ. ಅದನ್ನು ನೋಡಿ ಕೈಮುಗಿದು ಮುಂದೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗಂಟೆಯೂ ಹಿಂದೆ ಕರೆಯೇ ಆಗಿತ್ತೆಂಬುದನ್ನು ಹೇಳಬೇಕು: ಪ್ರಾಣ ಹೋಗುವ ಹೊತ್ತಿನಲ್ಲೇ ಅದನ್ನು ಬಾರಿಸಬೇಕು, ಪಾದ್ರಿ ತನ್ನ ಕೊನೆಯ ಕರ್ತವ್ಯದಲ್ಲಿ ತಡಮಾಡಬಾರದು ಎಂದು ಇಂಗ್ಲೆಂಡಿನ ಚರ್ಚು 1604ರಲ್ಲೇ ಕಟ್ಟಳೆ ಮಾಡಿತ್ತು. ಇನ್ನೊಂದು ಮಾತನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ. ಇಲ್ಲಿ ಗಂಟೆಯ ಹಗ್ಗ ಎಳೆಯುವವರು ಸ್ವಇಚ್ಛೆಯಿಂದ ಬಂದವರು. ನಮ್ಮೂರಿನಲ್ಲಿ ಹಲಗೆ ಬಡಿಯುವ ಕೆಲಸವನ್ನು ಒಂದೇ ಕೇರಿಯ ಮೇಲೆ ಹೊರಿಸಿದ್ದೆವು, ಅದು ಬಿಟ್ಟಿ ಚಾಕರಿ. ಅಂಗಳಕ್ಕೆ ಊರನ್ನೆಲ್ಲ ಕರೆದವನು ತಾನು ಮಾತ್ರ ಬೀದಿಯಲ್ಲೇ ನಿಲ್ಲಬೇಕಿತ್ತು. ಆ ಕೇರಿಯ ಹುಡುಗರು ಇನ್ನು ಬಡಿಯುವುದಿಲ್ಲ ಎಂದು ಹಲಗೆ ಕೆಳಗಿಟ್ಟದ್ದು ನ್ಯಾಯವೇ ಆಗಿತ್ತು.