ತೋಟದ ಕೆಲಸಕ್ಕೆ ಆರು ಸಾವಿರದ ಬೂಟು ಬೇಕಾ?

ಪರ: ಹೊಲಿದ ಬೂಟಿಗೆ ದುಡ್ಡು ಹಾಕಿ
(ಭದ್ರಾವತಿಯಲ್ಲಿ ಬೆಳೆದು, ಈಗ ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ನೋಡಿಕೊಳ್ಳುವವರು)

ನಮ್ಮಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಪಾಳಿ ಮುಗಿಸಿ ಬಂದವರು ಮೊದಲು ಜಗುಲಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಹಳೇ ಪೇಪರ್ ತುರುಕಿ ಇಡುತ್ತಿದ್ದರು. ಅಟ್ಟೆ ಸವೆಯಿತು ಅಂತ ಬೂಟು ಎಸೆದದ್ದನ್ನು ನಾನು ನೋಡಿಲ್ಲ. ಹೊಸ ಅಟ್ಟೆ ಹಾಕಿಸಿಕೊಂಡು ಬರುತ್ತಿದ್ದರು.

ನನ್ನ ಮಗನಿಗೆ 1,400 ರೂಪಾಯಿ ಕೊಟ್ಟು ತೋಟದ ಕೆಲಸಕ್ಕೆ ಬೂಟು ತಂದಿದ್ದೆ. ಅವನು ಓದಲು ಹೋದ ಮೇಲೆ ನಾಲ್ಕು ವರ್ಷ ಅಟ್ಟದ ಮೇಲಿತ್ತು. ಮೇಲ್ಭಾಗ ಹೊಸದರ ಹಾಗೇ ಇತ್ತು. ಕಳೆದ ಮಳೆಗಾಲದಲ್ಲಿ ಸುಮ್ನೆ ಯಾಕೆ ಇರಬೇಕು ಅಂತ ಹಾಕಿಕೊಂಡು ಅಂಗಳಕ್ಕೆ ಇಳಿದೆ. ಹತ್ತು ಹೆಜ್ಜೆ ಇಟ್ಟಿರಬೇಕು, ಕಾಲಿಗೆ ತಣ್ಣಗೆ ನೀರು ತಾಗಿತು. ತಿರುಗಿ ನೋಡಿದರೆ ಬಂದ ದಾರಿಯುದ್ದಕ್ಕೂ ಕಪ್ಪು ಚೂರುಗಳು. ಒಂದನ್ನು ಎತ್ತಿ ಬೆರಳಲ್ಲಿ ಒತ್ತಿದೆ. ದನಕ್ಕೆ ಹಾಕುವ ಹಿಂಡಿ ಥರ ಪುಡಿಯಾಯಿತು.

ಅದು ಪಿಯು, ಅಂದರೆ ಪಾಲಿಯುರೆಥೇನ್ ಅಟ್ಟೆ. ಹಗುರ, ಮೆತ್ತಗೆ, ಹಾಕಿಕೊಂಡರೆ ಹಿತ. ಆದರೆ ಗಾಳಿಯ ತೇವ ಅದನ್ನು ಒಳಗಿಂದ ಒಡೆಯುತ್ತಾ ಹೋಗುತ್ತದೆ. ಹಾಕದೆ ಇಟ್ಟರೂ ಬಿಡುವುದಿಲ್ಲ. ನಮ್ಮ ಮಲೆನಾಡಿನ ಅಟ್ಟಕ್ಕಿಂತ ಜಾಸ್ತಿ ತೇವ ಇನ್ನೆಲ್ಲಿ ಸಿಗುತ್ತದೆ?

ಹೊಲಿದ ಬೂಟು ಬೇರೆ ಥರ. ಅದರ ಅಂಚಿನಲ್ಲಿ ಸುತ್ತಲೂ ಒಂದು ಪಟ್ಟಿ ಇರುತ್ತದೆ. ಮೇಲಿನ ಚರ್ಮವನ್ನು ಆ ಪಟ್ಟಿಗೆ ಹೊಲಿಯುತ್ತಾರೆ, ಅಟ್ಟೆಯನ್ನೂ ಬೇರೆ ಹೊಲಿಗೆಯಲ್ಲಿ ಅದೇ ಪಟ್ಟಿಗೆ ಹೊಲಿಯುತ್ತಾರೆ. ಅಟ್ಟೆ ಸವೆದರೆ ಕೆಳಗಿನ ಹೊಲಿಗೆ ಮಾತ್ರ ಬಿಚ್ಚಿದರೆ ಸಾಕು, ಮೇಲಿನ ಚರ್ಮ ಮುಟ್ಟಬೇಕಿಲ್ಲ. ಇದಕ್ಕೆ ಗುಡ್‌ಇಯರ್ ವೆಲ್ಟ್ ಅಂತಾರೆ. ರಬ್ಬರನ್ನು ಗಟ್ಟಿ ಮಾಡುವ ದಾರಿ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗ 1870ರ ದಶಕದಲ್ಲಿ ಈ ಹೊಲಿಗೆಯ ಯಂತ್ರ ತಂದರು. ಬರೀ ಅಂಟು ಹಾಕಿ ಕೂರಿಸಿದ ಅಟ್ಟೆಗೆ ಈ ಅನುಕೂಲ ಇಲ್ಲ.

ಕಾರ್ಖಾನೆಗಳೆಲ್ಲ ದೇಶ ಬಿಟ್ಟು ಹೋದವು, ಹಳೇ ಹೆಸರಿಗೆ ಈಗ ಬೆಲೆ ಇಲ್ಲ ಅಂತ ಜನ ಹೇಳುತ್ತಾರೆ. ಡಾಕ್ಟರ್ ಮಾರ್ಟೆನ್ಸ್ ಬೂಟು 1960ರಲ್ಲಿ ಇಂಗ್ಲೆಂಡಿನ ವೊಲ್ಲಾಸ್ಟನ್ ಹಳ್ಳಿಯಲ್ಲಿ ಕೆಲಸಗಾರರಿಗಾಗಿ ಶುರುವಾದದ್ದು. 2003ರಲ್ಲಿ ಅದರ ತಯಾರಿ ಚೀನಾ, ಥಾಯ್ಲೆಂಡ್ ಕಡೆ ಹೋಯಿತು. ಆ ಊರಿನವರ ಸಂಕಟ ನನಗೆ ಅರ್ಥವಾಗುತ್ತದೆ. ಭದ್ರಾವತಿಯಲ್ಲಿ ಬೆಳೆದವನಿಗೆ ಕಾರ್ಖಾನೆ ಸೊರಗುವುದು ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಆದರೆ ಬೂಟು ಕೊಳ್ಳುವ ನಾವು ನೋಡಬೇಕಾದ್ದು ಹೊಲಿಗೆಯನ್ನು, ಊರನ್ನಲ್ಲ. ತಮಿಳುನಾಡಿನ ಆಂಬೂರು, ರಾಣಿಪೇಟೆಯಲ್ಲಿ ಚರ್ಮದ ಕೆಲಸ ಬಲ್ಲ ಕೈಗಳು ಎಷ್ಟೋ ಇವೆ. ಅಲ್ಲಿಂದ ಬೂಟು ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತದೆ. ಅವರಿಗೆ ಅದು ಹೊರದೇಶದ ಮಾಲು. ನಮಗೆ ಪಕ್ಕದ ರಾಜ್ಯದ್ದು, ಅಲ್ವಾ?

ಇನ್ನು ಲೆಕ್ಕ. 1,400ರ ಬೂಟು ಎರಡು ವರ್ಷ ಬಂದರೆ ಹತ್ತು ವರ್ಷಕ್ಕೆ 7,000. ಹೊಲಿದ ಬೂಟಿಗೆ 6,000, ನಡುವೆ ಒಂದು ಸಲ ಅಟ್ಟೆಗೆ 1,500. ಉಳಿತಾಯ ಏನೂ ಇಲ್ಲ, ಒಪ್ಪುತ್ತೇನೆ. ಆದರೆ ಆ ಹತ್ತು ವರ್ಷವೂ ನನ್ನ ಹೆಬ್ಬೆರಳಿನ ಮುಂದೆ ಉಕ್ಕಿನ ಟೋಪಿ ಇರುತ್ತದೆ. ಐಎಸ್ 15298, ಅಂದರೆ ಸೇಫ್ಟಿ ಬೂಟಿನ ಭಾರತೀಯ ಮಾನದಂಡ, ಆ ಗುರುತಿನ ಬೂಟಿನ ತುದಿ 200 ಜೌಲ್ ಹೊಡೆತ ತಡೆಯಬೇಕು. ಅಂದರೆ 20 ಕಿಲೋ ತೂಕ ಒಂದು ಮೀಟರ್ ಮೇಲಿಂದ ಬಿದ್ದ ಹಾಗೆ. ಕಳೆ ಕೊಚ್ಚುವ ಯಂತ್ರ ಹಿಡಿದು ಇಳಿಜಾರಿನಲ್ಲಿ ನಿಂತಾಗ ನನಗೆ ಆ ಧೈರ್ಯ ಬೇಕು.

ವಿರೋಧ: ನಮ್ಮ ಮಳೆಗೆ ಗಮ್ ಬೂಟೇ ಸರಿ
(ಮೇಲಿನವರ ನಾದಿನಿ, ಹೊಸನಗರ ತಾಲ್ಲೂಕಿನಲ್ಲಿ ತೋಟ ಮಾಡುವವರು)

ಭಾವ ಹೇಳಿದ ಹೊಲಿಗೆಯ ಮಾತು ಸುಳ್ಳಲ್ಲ. ಆದರೆ ಅವರ ಬೂಟು ಕಾರ್ಖಾನೆಯ ಒಣ ನೆಲ ನೋಡಿ ಮಾಡಿದ್ದು. ನಮ್ಮದು ಹುಲಿಕಲ್, ಮಾಸ್ತಿಕಟ್ಟೆ ಕಡೆಯ ಮಳೆ. ಆಷಾಢದಲ್ಲಿ ಒಂದು ಸಲ ನೆನೆದ ಚರ್ಮ ಶ್ರಾವಣ ಕಳೆದರೂ ಒಣಗುವುದಿಲ್ಲ. ಒಲೆ ಮುಂದೆ ಇಟ್ಟರೆ ಬಿರಿಯುತ್ತದೆ, ಮೂಲೆಯಲ್ಲಿ ಇಟ್ಟರೆ ಮೂರನೇ ದಿನಕ್ಕೆ ಬೂಷ್ಟು.

ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ಬಂದು ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರದ ಮೇಲಿಂದ ಆ ಬೋರ್ಡೋ ದ್ರಾವಣ ಸೋರಿ ಕೆಳಗೆ ಪೈಪು ಹಿಡಿದವರ ಮೈಯೆಲ್ಲ ನೀಲಿ. ಮೊಣಕಾಲವರೆಗೆ ಬರುವ ರಬ್ಬರಿನ ಗಮ್ ಬೂಟಾದರೆ ಸಂಜೆ ಬಾವಿಕಟ್ಟೆಯಲ್ಲಿ ಎರಡು ಚೊಂಬು ನೀರು ಹೊಯ್ದು, ಬೇಲಿಯ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿದರೆ ಆಯಿತು. ಬೆಳಿಗ್ಗೆ ಮತ್ತೆ ತಯಾರು. ಚರ್ಮದ ಬೂಟಿಗೆ ಈ ಉಪಚಾರ ನಡೆಯುತ್ತದಾ?

ಎತ್ತರವೂ ಮುಖ್ಯ. ಗಿಣ್ಣಿನವರೆಗಿನ ಬೂಟಿಗೆ ಉಂಬಳ, ಅಂದರೆ ಜಿಗಣೆ, ಹೆದರುವುದಿಲ್ಲ, ಲೇಸಿನ ತೂತಿನಲ್ಲೇ ಒಳಗೆ ಹೋಗುತ್ತದೆ. ಬಸಿಗಾಲುವೆ ದಾಟಿದರೆ ಬೂಟಿನೊಳಗೆ ನೀರು. ಇನ್ನು ಬೇಸಿಗೆಯಲ್ಲಿ ಉಣುಗು, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. 1957ರಲ್ಲಿ ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಕಾಡಿಗೆ ಹೋಗುವಾಗ ಕಾಲು ಮುಚ್ಚಿಕೊಳ್ಳಿ, ಎಣ್ಣೆ ಹಚ್ಚಿಕೊಳ್ಳಿ ಅಂತ ಆರೋಗ್ಯ ಇಲಾಖೆಯವರು ಹೇಳುತ್ತಲೇ ಇರುತ್ತಾರೆ. ತರಗೆಲೆ ಗುಡಿಸಲು ಹೋಗುವ ಹೆಂಗಸರು ಮಾತ್ರ ಇವತ್ತಿಗೂ ಹವಾಯಿ ಚಪ್ಪಲಿಯಲ್ಲೇ ಹೋಗುತ್ತಾರೆ.

ನನ್ನ ನಿಜವಾದ ತಕರಾರು ಇಲ್ಲೇ ಇದೆ. ತೋಟ ಅಂದರೆ ಯಜಮಾನರ ಎರಡು ಕಾಲು ಮಾತ್ರವಾ? ಕಳೆದ ವರ್ಷ ನಾನು ಗಮ್ ಬೂಟಿನ ಒಂದು ಜೊತೆಗೆ 450 ರೂಪಾಯಿ ಕೊಟ್ಟೆ. ಭಾವನ ಒಂದು ಬೂಟಿನ ದುಡ್ಡಿಗೆ ಹದಿಮೂರು ಜೊತೆ ಬರುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವವರು ಏಳು ಜನ. ಮರ ಹತ್ತುವ ಇಬ್ಬರಿಗೆ ಬರಿಗಾಲೇ ಬೇಕು. ಉಳಿದ ಐವರಿಗೂ ಬೂಟು ಕೊಟ್ಟು, ಎರಡು ವರ್ಷ ಬಿಟ್ಟು ಇನ್ನೊಮ್ಮೆ ಕೊಡಬಹುದು. ಮೈಮುರಿದು ಕೆಸರಿನಲ್ಲಿ ನಿಲ್ಲುವವರು ಅವರು. ಅವರ ಬೆರಳ ಸಂದು ಕೊಳೆತು ಬಿಳಿಯಾಗಿರುವುದನ್ನು ನೋಡಿಯೂ ನಾನೊಬ್ಬಳೇ ಆರು ಸಾವಿರದ ಬೂಟು ಹಾಕಿಕೊಂಡು ತೋಟಕ್ಕೆ ಇಳಿಯಲಾರೆ.

ಅಟ್ಟೆ ಹಾಕಿಸುವ ಮಾತು ಕೇಳಲು ಚೆನ್ನಾಗಿದೆ. ನಮ್ಮ ಪೇಟೆಯಲ್ಲಿ ಚಪ್ಪಲಿ ಹೊಲಿಯುವವರು ಒಬ್ಬರಿದ್ದಾರೆ, ಕೈ ಒಳ್ಳೆಯದು. ಹಾಗಂತ ಆ ಪಟ್ಟಿ ಹೊಲಿಯುವ ಯಂತ್ರ ಅವರ ಹತ್ತಿರ ಇಲ್ಲ. ಬೆಂಗಳೂರಿಗೆ ಕಳಿಸಿ ವಾಪಸ್ ಬರುವ ಹೊತ್ತಿಗೆ ಅಡಿಕೆಯ ಕೊನೆಕೊಯ್ಲು ಶುರುವಾಗಿರುತ್ತದೆ. ಕಂಪನಿಗಳು ಕೂಲಿ ಕಡಿಮೆ ಇರುವ ದೇಶ ಹುಡುಕಿಕೊಂಡು ಹೋದವು, ಸರಿ. ಹಾಗೆ ಉಳಿದ ದುಡ್ಡಲ್ಲಿ ನಮ್ಮಂಥ ಊರಿಗೊಂದು ರಿಪೇರಿ ಅಂಗಡಿ ಬಂತಾ? ರಿಪೇರಿ ಇಲ್ಲದ ಊರಿನಲ್ಲಿ ಹತ್ತು ವರ್ಷದ ಲೆಕ್ಕ ಕಾಗದದ ಮೇಲೆ ಮಾತ್ರ.

ಕಳೆ ಯಂತ್ರದ ವಿಷಯದಲ್ಲಿ ಭಾವನ ಮಾತು ಒಪ್ಪುತ್ತೇನೆ. ಅದಕ್ಕೆ ಉಕ್ಕಿನ ತುದಿಯ ಗಮ್ ಬೂಟೇ ಸಿಗುತ್ತದೆ, ಯಂತ್ರ ಹಿಡಿಯುವವರಿಗೆ ಅದನ್ನೇ ಕೊಡಿಸಿದ್ದೇನೆ.

ನನಗೆ ಕಷ್ಟವಾಗಿರುವುದು ಅಳತೆಯದು. ಅಂಗಡಿಗೆ ಹೋದರೆ ಆರನೇ ನಂಬರಿನಿಂದ ಮೇಲೆ ಬೇಕಾದಷ್ಟಿವೆ. ನಮ್ಮಲ್ಲಿ ಬರುವ ಇಬ್ಬರು ಹೆಂಗಸರ ಕಾಲು ನಾಲ್ಕನೇ ನಂಬರು. ಹೋದ ವರ್ಷ ಎರಡೆರಡು ಕಾಲುಚೀಲ ಹಾಕಿಕೊಂಡು ಆರರದ್ದರಲ್ಲೇ ಕಾಲೆಳೆಯುತ್ತಾ ನಡೆದರು. ಕೆಸರಿನಲ್ಲಿ ಬೂಟು ಹೂತುಕೊಂಡು ಕಾಲು ಮಾತ್ರ ಹೊರಗೆ ಬರುತ್ತಿತ್ತು. ಈ ಸಲ ಮಳೆ ಹಿಡಿಯುವ ಮೊದಲೇ ಶಿವಮೊಗ್ಗದ ಗಾಂಧಿ ಬಜಾರ್ ಎಲ್ಲಾ ಸುತ್ತಿಯಾದರೂ ನಾಲ್ಕರದ್ದು ಎರಡು ಜೊತೆ ತರಬೇಕು.